ಮೈಕ್ ಆನ್ ಇತ್ತು

ಅಕ್ಕನಿಗೆ ಉಸಿರು ಸಿಗುತ್ತಿರಲಿಲ್ಲ.

ಕೋಣೆಯಲ್ಲಿ ಗಾಳಿಗೇನೂ ಬರ ಇರಲಿಲ್ಲ. ತಲೆಯ ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿತ್ತು, ಪಕ್ಕದ ಕಿಟಕಿ ಪೂರ್ತಿ ತೆರೆದಿತ್ತು. ಆದರೂ ಅಕ್ಕ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಒಂದು ಕೈ ಮೇಜಿನ ಅಂಚನ್ನು ಹಿಡಿದಿತ್ತು. ಇನ್ನೊಂದು ಕೈ ಎದೆಯ ಮೇಲಿತ್ತು.

"ನಂಗಾಗಲ್ಲ ಕಣೇ," ಎಂದಳು. "ನಾನು ಸತ್ತೋಗ್ತೀನಿ."

ಮೊಂಡಿ ಗಣಿತದ ಪುಸ್ತಕವನ್ನು ನೆಲದ ಮೇಲೆ ಎಸೆದು ಓಡಿ ಬಂದಳು. ಹಿಡಿದ ಹಟ ಬಿಡುವವಳಲ್ಲ ಎಂದು ಮನೆಯವರು ಅವಳಿಗೆ ಇಟ್ಟ ಹೆಸರು ಅದು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಟೀಚರ್ ಬಿಟ್ಟು ಬೇರೆ ಯಾರೂ ಬಳಸುತ್ತಿರಲಿಲ್ಲ.

"ಸಾಯಲ್ಲ," ಎಂದಳು ಮೊಂಡಿ. "ಇದರಿಂದ ಯಾರೂ ಸಾಯಲ್ಲ ಅಂತ ಡಾಕ್ಟರ್ ಹೇಳಿದಾರೆ ತಾನೇ? ಕಾಲು ನೆಲಕ್ಕೆ ಒತ್ತು. ಉಸಿರು ಎಳ್ಕೋ. ಬಿಡು. ಎಳ್ಕೋ. ಬಿಡು."

"ಹೋಗಿತ್ತು ಕಣೇ. ಪೂರ್ತಿ ಹೋಗಿತ್ತು. ಮತ್ತೆ ಯಾಕೆ ಬಂತು?" ಅಕ್ಕ ಬಿಕ್ಕಳಿಸಿದಳು.

"ಯಾಕೋ ಬಂತು, ಬಿಡು. ಎಳ್ಕೋ. ಬಿಡು. ಮೂಗು ಒರೆಸ್ಕೋ, ಸುರೀತಿದೆ."

ಅಕ್ಕ ದುಪಟ್ಟಾದಿಂದ ಮೂಗು ಒರೆಸಿಕೊಂಡಳು. ಅವಳ ಬೆನ್ನು ಇನ್ನೂ ನಡುಗುತ್ತಿತ್ತು. ಮೊಂಡಿ ಬೆನ್ನು ಸವರುತ್ತ ನಿಂತಳು. ಆಗ ಅವಳಿಗೆ ಏನೋ ವಿಚಿತ್ರ ಅನಿಸಿತು. ಕೆಳಗೆ ಸದ್ದೇ ಇರಲಿಲ್ಲ.

ಬಸ್ ಸ್ಟ್ಯಾಂಡ್ ಎಂದೂ ಸುಮ್ಮನಿರುವ ಜಾಗ ಅಲ್ಲ. ಇಂಜಿನ್ನಿನ ಗುರುಗುಟ್ಟುವಿಕೆ, ಹಾರ್ನು, ಸೀಟಿಗೆ ಜಗಳ, ಚೇಂಜಿಗೆ ಜಗಳ ಎಲ್ಲ ಇದ್ದೇ ಇರುತ್ತವೆ. ಮೊಂಡಿ ಗಾಜಿನಿಂದ ಕೆಳಗೆ ಬಗ್ಗಿ ನೋಡಿದಳು. ಬೆಂಚಿನ ಮೇಲೆ ಕೂತವರು, ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರುಗಳು, ಪೇಪರ್ ಮಾರುವವನು, ಎಲ್ಲರೂ ಕತ್ತು ಎತ್ತಿ ಒಂದೇ ಕಡೆ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಕಂಬಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರ್ ಅನ್ನು.

ಮೊಂಡಿಯ ಕಣ್ಣು ಮೇಜಿನ ಮೇಲೆ ಹೋಯಿತು. ಮೈಕಿನ ಗುಂಡಿಯ ಸಂದಿಯಲ್ಲಿ ಅವಳ ರಬ್ಬರಿನ ತುಂಡು ಇನ್ನೂ ಸಿಕ್ಕಿಕೊಂಡೇ ಇತ್ತು.

ಮೈಕ್ ಆನ್ ಇತ್ತು.

ಆ ರಬ್ಬರಿನ ಕತೆ ಹೀಗೆ. ವಿಚಾರಣೆ ಕೌಂಟರಿನ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಕೋಣೆಯಲ್ಲಿ ಕೂತು ಬಸ್ಸುಗಳ ಪ್ರಕಟಣೆ ಓದುವುದು ಅಕ್ಕನ ಕೆಲಸ. ಯಾವ ನಂಬರಿನ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವ ಅಂಕಣದಲ್ಲಿ ನಿಂತಿದೆ, ಎಷ್ಟು ತಡ ಎಂದು ಹೇಳಬೇಕು. ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಮಾತ್ರ ಮೈಕ್ ಕೆಲಸ ಮಾಡುತ್ತದೆ. ಗುಂಡಿಯ ಸ್ಪ್ರಿಂಗ್ ಮಹಾ ಗಟ್ಟಿ. ಸಂಜೆಯ ಹೊತ್ತು ಬಸ್ಸಿನ ಹಿಂದೆ ಬಸ್ಸು ಬಂದಾಗ ಒತ್ತಿ ಒತ್ತಿ ಅಕ್ಕನ ಹೆಬ್ಬೆರಳು ಬಾತುಕೊಳ್ಳುತ್ತಿತ್ತು.

ಅಮ್ಮನ ಕೆಲಸ ಮುಗಿಯುವುದು ತಡವಾದ್ದರಿಂದ ಮೊಂಡಿ ಶಾಲೆ ಬಿಟ್ಟ ಮೇಲೆ ಇಲ್ಲೇ ಬಂದು ಕೂರುತ್ತಿದ್ದಳು. ರಬ್ಬರಿನ ತುಂಡನ್ನು ಸಂದಿಗೆ ಸಿಕ್ಕಿಸಿದರೆ ಗುಂಡಿ ತಾನಾಗಿ ಒತ್ತಿಕೊಂಡಿರುತ್ತದೆ ಎಂದು ಕಂಡುಹಿಡಿದವಳು ಅವಳೇ. ಅಕ್ಕ ಮೊದಲು ಬೈದಳು, ಆಮೇಲೆ ಒಪ್ಪಿದಳು. ಆದರೆ ಒಂದು ಕರಾರು ಹಾಕಿದ್ದಳು. ಅಕ್ಕ "ಧನ್ಯವಾದಗಳು" ಎಂದ ತಕ್ಷಣ ಮೊಂಡಿ ರಬ್ಬರ್ ತೆಗೆಯಬೇಕು.

ಇವತ್ತು ಅಕ್ಕ "ಧನ್ಯವಾದಗಳು" ಎನ್ನಲೇ ಇಲ್ಲ. ಹದಿನೇಳನೇ ನಂಬರಿನ ಬಸ್ಸು ಎಂದು ಶುರು ಮಾಡಿದವಳು ಅಲ್ಲೇ ನಿಂತುಹೋಗಿದ್ದಳು.

ಮೊಂಡಿ ರಬ್ಬರನ್ನು ಕಿತ್ತಳು. ಲೌಡ್‌ಸ್ಪೀಕರ್ ಕಟ್ ಎಂದು ಸುಮ್ಮನಾಯಿತು. ಕೆಳಗೆ ಯಾರೋ ನಕ್ಕರು.

ಕಂಟ್ರೋಲರ್ ಎರಡೆರಡು ಮೆಟ್ಟಿಲು ದಾಟಿಕೊಂಡು ಮೇಲೆ ಬಂದರು. ಇಡೀ ಬಸ್ ಸ್ಟ್ಯಾಂಡ್ ಅವರ ಕೈಕೆಳಗೆ. ಅವರು ಕೆಟ್ಟವರಲ್ಲ, ಹಾಗಂತ ತೀರಾ ಒಳ್ಳೆಯವರೂ ಅಲ್ಲ. ಅವರಿಗೆ ಬಸ್ಸು ಹೊರಡಬೇಕು, ಅಷ್ಟೇ. ಅಕ್ಕನಿಗೆ ಒಂದು ಲೋಟ ನೀರು ಕೊಟ್ಟರು. ನಾಲ್ಕು ದಿನ ಮನೆಯಲ್ಲಿ ಇರು ಎಂದರು. ಆಮೇಲೆ ಮೇಜಿನ ಕೆಳಗೆ ಪ್ಲಾಸ್ಟಿಕ್ ಹೊದೆಸಿ ಇಟ್ಟಿದ್ದ ಪೆಟ್ಟಿಗೆಯನ್ನು ಕಾಲಿನಿಂದ ಮುಂದಕ್ಕೆ ಎಳೆದರು. ಅದು ಹೆಡ್ ಆಫೀಸಿನಿಂದ ಬಂದಿದ್ದ ಮಷೀನು. ಮೊದಲೇ ರೆಕಾರ್ಡ್ ಮಾಡಿದ ಪ್ರಕಟಣೆಗಳನ್ನು ತಾನೇ ಹೇಳುತ್ತದೆ.

"ಇದಕ್ಕೆ ಉಸಿರು ಕಟ್ಟಲ್ಲ," ಎಂದರು.

ಅಕ್ಕ ಲೋಟ ಮೇಜಿನ ಮೇಲಿಟ್ಟು ಮೆಟ್ಟಿಲು ಇಳಿದಳು.

*

ಅಕ್ಕನಿಗೆ ಇಪ್ಪತ್ತೆರಡು ವರ್ಷ. ಅದು ಮೊದಲ ಸಲ ಬಂದದ್ದು ಕಾಲೇಜಿನ ಕೊನೆಯ ಪರೀಕ್ಷೆಯ ದಿನ. ಖಾಲಿ ಪೇಪರನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಓಡಿಬಂದಿದ್ದಳು. ಆಮೇಲೆ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದಾಗ, ಗಿರಾಕಿಗಳ ಎದುರಿಗೇ ಬಂತು. ಆ ಕೆಲಸವೂ ಹೋಯಿತು. ಹೃದಯದ ತೊಂದರೆ ಇರಬೇಕು ಎಂದು ಎಲ್ಲರೂ ಹೆದರಿದ್ದರು. ದೊಡ್ಡಾಸ್ಪತ್ರೆಯ ಡಾಕ್ಟರ್ ಎಲ್ಲ ಟೆಸ್ಟ್ ಮಾಡಿಸಿ, ಹೃದಯ ಕಲ್ಲುಗುಂಡಿನ ಹಾಗಿದೆ, ಇದು ಆತಂಕದ ಕಾಯಿಲೆ ಎಂದರು. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗು ಎಂದರು. ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ, ಮತ್ತೆ ಬರಬಹುದು ಎಂದೂ ಹೇಳಿದ್ದರು.

ಮನೆಯವರೆಲ್ಲ "ಹೋಗುತ್ತದೆ" ಎಂಬಲ್ಲಿಗೆ ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದರು.

ಎಷ್ಟೋ ತಿಂಗಳು ಅದರ ಸುಳಿವೇ ಇರಲಿಲ್ಲ. ಅಕ್ಕ ಮೈಕಿನ ಕೆಲಸಕ್ಕೆ ಸೇರಿದಳು. ಮೊದಲು ಟ್ರಯಲ್. ಸರಿಯಾಗಿ ಮಾಡಿದರೆ ಕೆಲಸ ಕಾಯಂ. ಟ್ರಯಲ್ ಮುಗಿಯಲು ಇನ್ನೇನು ಸ್ವಲ್ಪವೇ ದಿನ ಇತ್ತು. ಅಷ್ಟರಲ್ಲಿ ಹೀಗಾಯಿತು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುತ್ತಿದ್ದಳು. ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಪಕ್ಕದ ಮನೆಯ ಆಂಟಿ ಅದೇ ಸಮಯಕ್ಕೆ ಬಸ್ ಸ್ಟ್ಯಾಂಡಿನಲ್ಲಿದ್ದರಂತೆ. ಅಮ್ಮ ಚಪ್ಪಲಿ ಬಿಡುವ ಮೊದಲೇ ಎಲ್ಲ ಕೇಳಿಸಿಕೊಂಡಳು.

ಅಮ್ಮ ಬೈಯಲಿಲ್ಲ. ಯಾರಾದರೂ ಕೇಳಿದರೆ ಆಸ್ತಮಾ ಅಂತ ಹೇಳೋಣ, ಬಸ್ಸಿನ ಹೊಗೆಗೆ ಯಾರಿಗಾದರೂ ಬರಬಹುದು ಎಂದಳು. ಆಮೇಲೆ ಅಕ್ಕನ ಪಕ್ಕ ಕೂತು, ಲಾಂಡ್ರಿಯಲ್ಲಿ ಒಂದು ಕೆಲಸ ಖಾಲಿ ಇದೆ, ಸೂಪರ್‌ವೈಸರ್ ಹತ್ತಿರ ಮಾತಾಡುತ್ತೇನೆ ಎಂದಳು.

"ಅಲ್ಲಿ ಯಾರ ಜೊತೆಗೂ ಮಾತಾಡ್ಬೇಕಾಗಿಲ್ಲ ಮಗಾ. ಆ ಮಷೀನಿನ ಸದ್ದಿನಲ್ಲಿ ನೀನು ಕಿರುಚಿದ್ರೂ ಒಬ್ಬರಿಗೂ ಕೇಳ್ಸಲ್ಲ."

ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಕ್ಕ ತಿರುಗಿದಳು. "ಯಾರಿಗೂ ಕೇಳದ ಕಡೆ ಹೋಗಿ ಕಿರುಚ್ಕೊಂಡು ಇರ್ಲಾ?" ಎಂದಳು. ಮತ್ತೆ ಗೋಡೆಗೆ ಮುಖ ಮಾಡಿದಳು.

ಮೊಂಡಿ ಅರ್ಧ ಊಟಕ್ಕೇ ತಟ್ಟೆ ಎತ್ತಿಟ್ಟಳು. ರಬ್ಬರ್ ತೆಗೆಯಲು ಮರೆತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. "ಧನ್ಯವಾದಗಳು" ಎನ್ನದೆ ನಿಂತದ್ದು ತಾನೇ, ಮೈಕ್ ಆನ್ ಉಳಿದದ್ದು ತನ್ನಿಂದಲೇ ಎಂದು ಅಕ್ಕ ತಿಳಿದಿದ್ದಳು.

*

ಮರುದಿನ ಮೊಂಡಿ ಕ್ಲಾಸಿಗೆ ಕಾಲಿಡುವುದಕ್ಕೂ ಹಿಂದಿನ ಬೆಂಚಿನಿಂದ ದನಿ ಬರುವುದಕ್ಕೂ ಸರಿಹೋಯಿತು.

"ಪ್ರಯಾಣಿಕರ ಗಮನಕ್ಕೆ. ಎಳ್ಕೋ. ಬಿಡು. ಎಳ್ಕೋ. ಬಿಡು."

ಅದು ಕ್ಲಾಸಿನವರೆಲ್ಲ ಗಿಳಿ ಎಂದು ಕರೆಯುವ ಹುಡುಗ. ಹೆಡ್‌ಮಾಸ್ಟರ್ ಕೆಮ್ಮಿನಿಂದ ಹಿಡಿದು ಶಾಲೆಯ ಗಂಟೆಯ ತನಕ ಅವನು ಅಣಕಿಸದ ಸದ್ದಿಲ್ಲ. ತಾಯಿಯ ಜೊತೆ ದಿನಾ ಸಂಜೆ ಬಸ್ ಸ್ಟ್ಯಾಂಡಿನಿಂದಲೇ ಮನೆಗೆ ಹೋಗುತ್ತಿದ್ದ. ಇಡೀ ಕ್ಲಾಸು ನಕ್ಕಿತು. "ಮೂಗು ಒರೆಸ್ಕೋ" ಎಂದು ಅವನು ಮೂಗು ಎಳೆದಾಗ ಇನ್ನೂ ನಕ್ಕಿತು.

"ನಮ್ಮಕ್ಕನಿಗೆ ಆಸ್ತಮಾ ಇದೆ," ಎಂದಳು ಮೊಂಡಿ.

"ನಮ್ಮ ಮಾವನಿಗೂ ಇದೆ. ಅವರು ಕೆಮ್ಮುತಾರೆ. ಸತ್ತೋಗ್ತೀನಿ ಅಂತ ಮೈಕಲ್ಲಿ ಅಳಲ್ಲ."

ಮೊಂಡಿ ಅವನನ್ನು ತಳ್ಳಿದಳು. ಅವನ ತಲೆ ಬೋರ್ಡಿಗೆ ಬಡಿಯಿತು, ಶರ್ಟಿನ ಬೆನ್ನೆಲ್ಲ ಸೀಮೆಸುಣ್ಣವಾಯಿತು. ಟೀಚರ್ ಬಂದು ಏನು ಗಲಾಟೆ ಎಂದು ಕೇಳಿದರು. ಇಬ್ಬರನ್ನೂ ವರಾಂಡದಲ್ಲಿ ನಿಲ್ಲಿಸಿದರು.

ಗಿಳಿ ತಲೆ ಉಜ್ಜಿಕೊಂಡ. ಹೆಚ್ಚು ಹೊತ್ತು ಸುಮ್ಮನಿರುವುದು ಅವನಿಗೆ ಬರುವುದಿಲ್ಲ.

"ನಿಜವಾಗ್ಲೂ ಸಾಯ್ತಾಳಾ?" ಎಂದು ಕೇಳಿದ. ಈ ಸಲ ಅಣಕಿಸುವ ದನಿ ಇರಲಿಲ್ಲ.

"ಇಲ್ಲ."

"ಮತ್ತೆ ಯಾಕೆ ಹಾಗಂದ್ಳು?"

"ಅದು ಬಂದಾಗ ಹಾಗನ್ಸುತ್ತೆ. ಎದೆ ಡಬಡಬ ಅನ್ನುತ್ತೆ. ಆಮೇಲೆ ಹೋಗುತ್ತೆ."

"ಆಸ್ತಮಾ ಅಲ್ವಾ?"

"ಅಲ್ಲ."

ಗಿಳಿ ತಲೆ ಆಡಿಸಿದ. ಮೊಂಡಿಗೆ ಆಶ್ಚರ್ಯವಾಯಿತು. ಆಸ್ತಮಾ ಎಂದು ಹೇಳುವಾಗ ಎದೆಯಲ್ಲಿ ಕಲ್ಲು ಇಟ್ಟ ಹಾಗಿತ್ತು. ಅಲ್ಲ ಎಂದು ಹೇಳುವಾಗ ಏನೂ ಆಗಲಿಲ್ಲ.

ಹಾಗಂತ ಗಿಳಿ ಬದಲಾಗಲಿಲ್ಲ. ಮಧ್ಯಾಹ್ನ ಆಟದ ಮೈದಾನದಲ್ಲಿ ಮತ್ತೆ "ಎಳ್ಕೋ, ಬಿಡು" ಎಂದ. ಚೆನ್ನಾಗಿ ನಗು ಗಿಟ್ಟುವ ಸರಕನ್ನು ಅಷ್ಟು ಬೇಗ ಬಿಡಲು ಅವನಿಗೇನು ಹುಚ್ಚೇ?

*

ಆ ಸಂಜೆ ಅಕ್ಕ ಮಂಚದ ಮೇಲೆ ಕೂತು ಅಮ್ಮ ತಂದಿದ್ದ ದಿಂಬಿನ ಕವರುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಮೊಂಡಿ ಬ್ಯಾಗ್ ಇಳಿಸಿ ಎದುರಿಗೆ ನಿಂತಳು.

"ಮೈಕ್ ಆನ್ ಉಳಿದಿದ್ದು ನಿನ್ನಿಂದ ಅಲ್ಲ. ರಬ್ಬರ್ ತೆಗೆಯೋದು ನನ್ನ ಕೆಲಸ ಆಗಿತ್ತು. ನಿನ್ನ ಮುಖ ನೋಡಿ ಮರೆತುಬಿಟ್ಟೆ."

ಅಕ್ಕನ ಸೂಜಿ ನಿಂತಿತು. ಮೊಂಡಿ ಏಟಿಗೆ ಸಿದ್ಧಳಾಗಿ ಕಣ್ಣು ಮುಚ್ಚಿದಳು.

"ಹಾಗಾದ್ರೆ," ಎಂದಳು ಅಕ್ಕ ನಿಧಾನವಾಗಿ, "ಮೂಗು ಒರೆಸ್ಕೋ ಅಂದಿದ್ದೂ ಎಲ್ಲರಿಗೂ ಕೇಳ್ತಾ?"

"ಕೇಳ್ತು. ಗಿಳಿ ಅದನ್ನೂ ಮಾಡಿ ತೋರಿಸಿದ."

ಅಕ್ಕನ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡಳು ಮೊಂಡಿ. ಅಕ್ಕ ನಕ್ಕಳು. ಮೊದಲು ಮೂಗಿನಲ್ಲೇ, ಆಮೇಲೆ ದಿಂಬಿನ ಕವರಿಗೆ ಮುಖ ಒತ್ತಿಕೊಂಡು ನಕ್ಕಳು. ಒಳಗಿನಿಂದ ಅಮ್ಮ ಏನಾಯಿತೋ ಎಂದು ಗಾಬರಿಯಲ್ಲಿ ಓಡಿ ಬಂದಳು. ಇಬ್ಬರನ್ನೂ ನೋಡಿ, ಹುಚ್ಚುಗಳು ಎಂದು ಗೊಣಗುತ್ತ ವಾಪಸ್ ಹೋದಳು.

"ನೋಡು," ಎಂದಳು ಅಕ್ಕ ಕಣ್ಣು ಒರೆಸಿಕೊಂಡು. "ಪರೀಕ್ಷೆ ಹಾಲಿನಲ್ಲಿ ಯಾರಾದ್ರೂ ನೋಡ್ತಾರೆ ಅಂತ ಓಡಿದೆ. ಅಂಗಡೀಲೂ ಅದಕ್ಕೇ ಓಡಿದೆ. ಈಗ ಇಡೀ ಬಸ್ ಸ್ಟ್ಯಾಂಡೇ ಕೇಳಿ ಆಯ್ತು. ಇನ್ನು ಯಾರಿಂದ ಮುಚ್ಚಿಡಬೇಕು ನಾನು?"

ಮೊಂಡಿಗೆ ಅದೆಲ್ಲ ಬೇಡವಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. "ಇನ್ನು ಬರಲ್ಲ ಅಂತ ಪ್ರಾಮಿಸ್ ಮಾಡು," ಎಂದು ಕೈ ಚಾಚಿದಳು.

"ಅದು ಆಗಲ್ಲ."

"ಯಾಕೆ?"

"ಬರುತ್ತೆ ಕಣೇ. ಯಾವಾಗ ಅಂತ ಗೊತ್ತಿಲ್ಲ, ಅಷ್ಟೇ."

ಮೊಂಡಿಗೆ ಸಿಟ್ಟು ಬಂತು. ಮಾತ್ರೆ ಯಾಕೆ ನುಂಗಬೇಕು, ಡಾಕ್ಟರ್ ಹತ್ತಿರ ಯಾಕೆ ಹೋಗಬೇಕು, ಬರುವುದೇ ಆದರೆ ಅದೆಲ್ಲ ಯಾಕೆ ಎಂದು ಕೂಗಾಡಿದಳು. ಅಕ್ಕ ಕೂಗಾಡಲಿಲ್ಲ. ಹಲ್ಲಿನಿಂದ ದಾರ ಕಡಿದು ಕವರನ್ನು ಪಕ್ಕಕ್ಕೆ ಇಟ್ಟಳು.

"ಬರ್ಲಿ," ಎಂದಳು. "ಅದಕ್ಕೆ ಬರೋದು ಗೊತ್ತಿದ್ರೆ ನಂಗೆ ಕೂರೋದು ಗೊತ್ತು."

*

ಮರುದಿನ ಬೆಳಿಗ್ಗೆ, ಆ ನಾಲ್ಕು ದಿನ ಮುಗಿಯುವ ಮೊದಲೇ, ಅಕ್ಕ ಕಂಟ್ರೋಲರ್ ಎದುರು ನಿಂತಳು. ಅಂದು ಶಾಲೆಗೆ ರಜೆ ಇದ್ದದ್ದರಿಂದ ಮೊಂಡಿಯೂ ಜೊತೆಗಿದ್ದಳು. ಮೇಲಿನಿಂದ ಮಷೀನಿನ ದನಿ ಬರುತ್ತಿತ್ತು. ಎಂಟನೇ ನಂಬರಿನ ಬಸ್ಸು ಕೆಟ್ಟು ಶೆಡ್ಡಿಗೆ ಹೋಗಿದ್ದರೂ ಆ ದನಿ ಅದು ಮೂರನೇ ಅಂಕಣದಲ್ಲಿ ನಿಂತಿದೆ ಎಂದು ಇಂಪಾಗಿ ಹೇಳುತ್ತಿತ್ತು. ಮೂರನೇ ಅಂಕಣದಲ್ಲಿ ನಿಂತಿದ್ದ ಜನ ಅದಕ್ಕೆ ಶಾಪ ಹಾಕುತ್ತಿದ್ದರು.

ಮೊಂಡಿ ಮೊದಲು ರಬ್ಬರಿನ ತಪ್ಪು ತನ್ನದು ಎಂದು ಹೇಳಿದಳು. ಕಂಟ್ರೋಲರ್ ಅವಳ ಕಡೆ ಸರಿಯಾಗಿ ನೋಡಲೂ ಇಲ್ಲ. ರಬ್ಬರ್ ಇನ್ನು ಆ ಕೋಣೆಯ ಹತ್ತಿರ ಸುಳಿಯಬಾರದು ಎಂದಷ್ಟೇ ಹೇಳಿ ಅಕ್ಕನ ಕಡೆ ತಿರುಗಿದರು.

"ಇನ್ನೊಂದು ಸಲ ಹೀಗಾಗಲ್ಲ ಅಂತ ಹೇಳ್ತೀಯೇನಮ್ಮಾ?"

ಹೇಳು, ಹೇಳು ಎಂದು ಮೊಂಡಿ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಸುಳ್ಳು ಹೇಳಿದರೆ ಗಂಟೇನು ಹೋಗುತ್ತದೆ?

"ಇಲ್ಲ ಸರ್," ಎಂದಳು ಅಕ್ಕ. "ಆಗಬಹುದು."

"ಇದೆಂಥಾ ಉತ್ತರ?"

"ಬಸ್ಸು ಕೆಡೋದೇ ಇಲ್ಲ ಅಂತ ನೀವು ಹೇಳ್ತೀರಾ ಸರ್? ಕೆಟ್ಟಾಗ ಏನ್ಮಾಡಬೇಕು ಅಂತ ನಿಮಗೆ ಗೊತ್ತಿದೆ. ನನಗೂ ಗೊತ್ತಿದೆ."

ಕಂಟ್ರೋಲರ್ ಬಾಯಿ ತೆರೆದರು. ಅಷ್ಟರಲ್ಲಿ ಎಂಟನೇ ನಂಬರಿಗೆ ಕಾಯುತ್ತಿದ್ದವರೆಲ್ಲ ಕೌಂಟರಿಗೆ ಮುತ್ತಿಗೆ ಹಾಕಿದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಕಂಟ್ರೋಲರ್ ಬೆವತುಹೋದರು. ಟ್ರಯಲ್ ಮುಗಿಯುವ ತನಕ ನೋಡುತ್ತೇನೆ, ಜನರಿಗೆ ತೊಂದರೆ ಆದರೆ ಮಾತ್ರ ಪೆಟ್ಟಿಗೆಯೇ ಗತಿ, ಆಮೇಲೆ ನನ್ನನ್ನು ಕೇಳಬೇಡ ಎಂದು ಕೈ ಬೀಸಿದರು. ಅಕ್ಕ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಕೆಳಗೆ ಇಬ್ಬರು ಕಂಡಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಕ್ಕನ ಕಿವಿ ಕೆಂಪಾಯಿತು. ಮೆಟ್ಟಿಲು ಹತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ.

*

ಅದು ಮತ್ತೆ ಬಂದದ್ದು ಟ್ರಯಲಿನ ಕೊನೆಯ ವಾರದಲ್ಲಿ. ಅದಕ್ಕೂ ಹೊತ್ತು ಗೊತ್ತು ಇರಬೇಡವೇ? ನಾಳೆಯಿಂದ ರಜೆ ಎಂದು ಊರಿಗೆ ಊರೇ ಬಸ್ ಸ್ಟ್ಯಾಂಡಿಗೆ ನುಗ್ಗಿದ್ದ ಸಂಜೆ ಅದು.

ಅಕ್ಕ ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದು ಓದುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ಗುಂಡಿ ಬಿಟ್ಟು ಮೇಜಿನ ಅಂಚನ್ನು ಹಿಡಿಯಿತು. ಮೊಂಡಿ ಪೆನ್ಸಿಲ್ ಬಿಟ್ಟು ಎದ್ದಳು. ಅಕ್ಕ ಕೂರು ಎಂದು ಕೈ ಸನ್ನೆ ಮಾಡಿದಳು.

ಅವಳ ಮುಖ ಬಿಳಿಚಿಕೊಂಡಿತ್ತು. ಹಣೆಯಲ್ಲಿ ಬೆವರು. ಬಾಯಿ ಅದೇ ಮೀನಿನ ಬಾಯಿ. ಎರಡೂ ಕಾಲನ್ನು ನೆಲಕ್ಕೆ ಒತ್ತಿದಳು.

"ಬಂದ್ಯಾ?" ಎಂದಳು ಹಲ್ಲು ಕಚ್ಚಿಕೊಂಡು. "ಹೇಳದೆ ಕೇಳದೆ ಬಂದು ಕೂರೋಕೆ ನೀನೇನು ನಮ್ಮ ಚಿಕ್ಕಪ್ಪನಾ? ಕೂತ್ಕೋ. ನಂಗೆ ಕೆಲಸ ಇದೆ."

ಕೆಳಗೆ ಬಸ್ಸುಗಳು ಬಂದು ನಿಲ್ಲುತ್ತಿದ್ದವು. ಯಾವುದು ಎಲ್ಲಿಗೆ ಎಂದು ಹೇಳುವವರಿಲ್ಲದೆ ಜನ ಅತ್ತಿಂದಿತ್ತ ಓಡತೊಡಗಿದರು. ಕಂಟ್ರೋಲರ್ ಕತ್ತು ಎತ್ತಿ ಗಾಜಿನ ಕಡೆ ನೋಡಿದರು. ಮೊಂಡಿ ಮೇಜಿನ ಕೆಳಗಿನ ಪೆಟ್ಟಿಗೆ ನೋಡಿದಳು. ಅದರ ಸ್ವಿಚ್ಚು ಅವಳ ಕಾಲಿನ ಹತ್ತಿರವೇ ಇತ್ತು. ಒತ್ತಿದರೆ ಸಾಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ಅಕ್ಕನ ಹೆಬ್ಬೆರಳು ಮತ್ತೆ ಗುಂಡಿಯ ಮೇಲೆ ಬಂತು. ಒತ್ತಿತು.

"ಪ್ರಯಾಣಿಕರ ಗಮನಕ್ಕೆ." ದನಿ ಒಡೆದಿತ್ತು. ಒಂದೊಂದು ಮಾತಿಗೂ ಒಂದೊಂದು ಉಸಿರು. "ಪ್ರಕಟಣೆ ಸ್ವಲ್ಪ ತಡವಾಗಲಿದೆ. ಪ್ರಕಟಣೆ ಓದುವವರಿಗೆ ಉಸಿರು ಕಟ್ಟಿದೆ. ಗಾಬರಿಯಾಗುವ ಕಾರಣವಿಲ್ಲ. ಸರಿಹೋಗುತ್ತದೆ. ಅಲ್ಲಿಯ ತನಕ ದಯವಿಟ್ಟು ಬೋರ್ಡ್ ನೋಡಿ ಬಸ್ಸು ಹತ್ತಿ. ಕಂಡಕ್ಟರುಗಳು ಕೂಗಿ ಹೇಳಿ. ಧನ್ಯವಾದಗಳು."

ಹೆಬ್ಬೆರಳು ಗುಂಡಿ ಬಿಟ್ಟಿತು.

ಕೆಳಗೆ ಜನ ಕತ್ತು ಎತ್ತಿ ಸ್ಪೀಕರ್ ಕಡೆ ನೋಡಿದರು. ಯಾರೋ ನಕ್ಕರು, ಯಾರೋ ಶಿಳ್ಳೆ ಹಾಕಿದರು. ಆಮೇಲೆ ಹದಿನೇಳನೇ ನಂಬರಿನ ಬಂದರು ಬಸ್ಸಿನ ದಪ್ಪ ಕಂಡಕ್ಟರ್ ಬಾಗಿಲಲ್ಲಿ ನಿಂತು ಬಸ್ಸಿನ ತಗಡಿಗೆ ಧಡಧಡ ಬಡಿದ.

"ಬಂದರು, ಬಂದರು, ಬಂದರಿಗೆ ಹೋಗೋರು ಇಲ್ಲಿ!"

ಪಕ್ಕದ ಬಸ್ಸಿನವನು ಸುಮ್ಮನಿರುತ್ತಾನೆಯೇ? ಅವನು ಇನ್ನೂ ಜೋರಾಗಿ ತನ್ನ ಬಸ್ಸಿನ ಹೆಸರು ಕೂಗಿದ. ನೋಡುನೋಡುತ್ತಿದ್ದಂತೆ ಇಡೀ ಬಸ್ ಸ್ಟ್ಯಾಂಡ್ ಸಂತೆಯಾಯಿತು. ಜನ ಬೈದುಕೊಳ್ಳುತ್ತ, ತಳ್ಳಾಡುತ್ತ ಬಸ್ಸು ಹತ್ತಿದರು.

ಮೊಂಡಿ ಗಾಜಿನ ಹತ್ತಿರ ನಿಂತಿದ್ದಳು. ಕೆಳಗೆ ಬೆಂಚಿನ ಮೇಲೆ ತಾಯಿಯ ಪಕ್ಕ ಗಿಳಿ ಕೂತಿದ್ದ. ಅವನೂ ಅವಳನ್ನು ನೋಡಿದ. ಅವನ ಬಾಯಿ ಏನನ್ನೋ ಹೇಳಲು ತೆರೆಯಿತು. ಆಗಲೇ ಎಲ್ಲವನ್ನೂ ಅಕ್ಕನೇ ಹೇಳಿ ಮುಗಿಸಿದ್ದಳು. ಗಿಳಿ ಬಾಯಿ ಮುಚ್ಚಿದ. ಮೊಂಡಿ ಗಾಜಿನಿಂದ ಸರಿಯಲಿಲ್ಲ. ಅವನು ತನ್ನ ಬಸ್ಸು ಹತ್ತುವ ತನಕ ಅಲ್ಲೇ ನಿಂತಿದ್ದಳು.

ಆಮೇಲೆ ಬಂದು ಅಕ್ಕನ ಪಕ್ಕ ಕೂತಳು. ಎಳ್ಕೋ, ಬಿಡು ಎನ್ನಲಿಲ್ಲ. ಅಕ್ಕ ತಾನೇ ಎಳೆದುಕೊಳ್ಳುತ್ತಿದ್ದಳು, ತಾನೇ ಬಿಡುತ್ತಿದ್ದಳು. ಮೊಂಡಿ ಪೆನ್ಸಿಲ್ ಎತ್ತಿಕೊಂಡು ಅರ್ಧಕ್ಕೆ ಬಿಟ್ಟಿದ್ದ ಲೆಕ್ಕವನ್ನು ಮುಂದುವರಿಸಿದಳು. ಲೆಕ್ಕ ಮುಗಿಯುವ ಹೊತ್ತಿಗೆ ಅಕ್ಕನ ಕೈ ಮೇಜಿನ ಅಂಚನ್ನು ಬಿಟ್ಟಿತ್ತು.

ಕಂಟ್ರೋಲರ್ ಏದುಸಿರು ಬಿಡುತ್ತ ಮೇಲೆ ಬಂದರು. ಅವರ ಹಿಂದೆಯೇ ಸೂಟ್‌ಕೇಸ್ ಹಿಡಿದ ಒಬ್ಬ ಮನುಷ್ಯ ಕೂಗಾಡುತ್ತ ಬಂದ. ತಪ್ಪು ಅಂಕಣದಲ್ಲಿ ಕಾದು ಅವನಿಗೆ ಬಸ್ಸು ತಪ್ಪಿತ್ತು. ಅಕ್ಕ ಎದ್ದು ನಿಂತು ಅವನ ಕ್ಷಮೆ ಕೇಳಿದಳು. ಮುಂದಿನ ಬಸ್ಸು ಎರಡನೇ ಅಂಕಣಕ್ಕೆ ಬರುತ್ತದೆ, ಕಿಟಕಿ ಪಕ್ಕದ ಸೀಟು ಸಿಗುತ್ತದೆ ಎಂದಳು. ಅವನು ಗೊಣಗುತ್ತ ಇಳಿದ.

ಕಂಟ್ರೋಲರ್ ಪೆಟ್ಟಿಗೆಯನ್ನು ನೋಡಿದರು. ಅಕ್ಕನನ್ನು ನೋಡಿದರು. ಅಕ್ಕನೂ ಅವರನ್ನೇ ನೋಡಿದಳು, ಕಣ್ಣು ಕೆಳಗೆ ಹಾಕಲಿಲ್ಲ.

"ಹನ್ನೊಂದನೇ ನಂಬರ್ ಬಂದು ನಿಂತಿದೆ," ಎಂದರು ಕಂಟ್ರೋಲರ್. "ಹೇಳು."

ಅಕ್ಕ ಕುರ್ಚಿ ಎಳೆದುಕೊಂಡು ಗುಂಡಿ ಒತ್ತಿದಳು.

ಆ ಸಂಜೆ ಎರಡು ಪ್ರಕಟಣೆ ತಪ್ಪಿಹೋದವು. ಒಬ್ಬರಿಗೆ ಒಂದು ಬಸ್ಸು ತಪ್ಪಿತು, ಅಷ್ಟೇ.